ತೆಗೆದರೂ ಉಳಿದ ಹೆಸರು



ಮೈಸೂರಿನ ಸರಸ್ವತಿಪುರಂನ ಹಿರಿಯರೊಬ್ಬರು ನಮ್ಮ ಸಂವಾದಗಳಿಗೆ ತಪ್ಪದೆ ಬರುತ್ತಿದ್ದರು. ಅವರು ತೀರಿಕೊಂಡರೆಂದು ಮನೆಯವರು ತಿಳಿಸಿದಾಗ ಆಹ್ವಾನಿತರ ಪಟ್ಟಿಯಿಂದ ಹೆಸರನ್ನು ನಾನೇ ತೆಗೆದೆ. ಮುಂದಿನ ತಿಂಗಳೂ ಅವರ ಹೆಸರಿಗೆ ಆಹ್ವಾನ ಹೋಯಿತು. "ಅಪ್ಪ ಇಲ್ಲ ಅಂತ ಹೇಳಿದ್ದೆವಲ್ಲ ಸಾರ್" ಎಂದು ಮಗಳು ಫೋನಿನಲ್ಲಿ ಅಂದರು. ನನಗೆ ಉತ್ತರ ತೋಚಲಿಲ್ಲ.

ಆ ಪಟ್ಟಿಯನ್ನು ವೆಬ್ ಪುಟವೊಂದಕ್ಕಾಗಿ ನಾನೇ ಬರೆದಿದ್ದೆ, ಜಾವಾಸ್ಕ್ರಿಪ್ಟ್ ಭಾಷೆಯ 'ಸೆಟ್' ಬಳಸಿ. 2015ರಲ್ಲಿ ಆ ಭಾಷೆಗೆ ಸೇರಿದ ಸೌಲಭ್ಯವಿದು. ಹೈಸ್ಕೂಲಿನ ಗಣಿತದಲ್ಲಿ ನೀವು ಓದಿದ 'ಗಣ'ವೇ ಎನ್ನಿ. ಒಂದು ಬೆಲೆಗೆ ಒಂದೇ ಸ್ಥಾನ. ತೆಗೆಯಲು ಎರಡು ಆಜ್ಞೆಗಳಿವೆ. 'ಕ್ಲಿಯರ್' ಎಂದರೆ ಯಾರನ್ನೂ ಕೇಳದೆ ಇಡೀ ಗಣ ಬರಿದಾಗುತ್ತದೆ. (ಇದನ್ನು ಬರೆಯುವಾಗ ಕೈ ತುಸು ನಡುಗಿದರೂ ತಪ್ಪಿಲ್ಲ.) 'ಡಿಲೀಟ್'ಗೆ ಒಂದು ಬೆಲೆ ಕೊಟ್ಟರೆ ಅದನ್ನಷ್ಟೇ ತೆಗೆದು 'ಟ್ರೂ' ಎನ್ನುತ್ತದೆ. ಆ ಬೆಲೆ ಗಣದಲ್ಲಿ ಇಲ್ಲದಿದ್ದರೆ 'ಫಾಲ್ಸ್' ಎಂದು ಸುಮ್ಮನಾಗುತ್ತದೆ, ತಪ್ಪಾಯಿತೆಂದು ಕೂಗುವುದಿಲ್ಲ. ಅಂದು ಬಂದದ್ದು 'ಫಾಲ್ಸ್'. ವಿಜ್ಞಾನ ಓದಿದವನು ನಾನು, ಫಲಿತಾಂಶ ನೋಡಿಯೇ ಇರಲಿಲ್ಲ.

ಕಣ್ಣಿಗೆ ಕಾಣುವ ಹೆಸರು ಇಲ್ಲವೆಂದು ಯಂತ್ರ ಹೇಳಿದ್ದೇಕೆ? ಆ ಹೆಸರಿನ ಮೊದಲ ಅಕ್ಷರ 'ಮೈ'. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. 'ಮೈಸೂರು' ಎಂಬುದನ್ನು ಯೂನಿಕೋಡ್‌ನ 6 ಸಂಕೇತಗಳಲ್ಲಿ ಬರೆಯಬಹುದು. ಐತ್ವವನ್ನು ಎತ್ವ ಒಂದು, ಅದರ ಮುಂದಿನ ಚಿಹ್ನೆ ಒಂದು ಎಂದು ಬಿಡಿಸಿ ಬರೆದರೆ 7 ಆಗುತ್ತದೆ. ಎರಡೂ ಯೂನಿಕೋಡ್ ಒಪ್ಪಿದ ರೂಪಗಳೇ. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಸೆಟ್‌ಗೆ ಮಾತ್ರ ಅವು ಎರಡು ಬೇರೆ ಬೆಲೆಗಳು. 'ಕೊ', 'ಕೋ'ಗಳ ಕಥೆಯೂ ಇದೇ. ಬೇರೆ ಕಡತದಿಂದ ಬಂದ ನಮ್ಮ ಪಟ್ಟಿಯಲ್ಲಿ ಇದ್ದದ್ದು ಬಿಡಿಸಿದ ರೂಪ, ನಾನು ಟೈಪ್ ಮಾಡಿದ್ದು ಕೂಡಿದ ರೂಪ.

ಇದಕ್ಕೆ ಮದ್ದು ಅದೇ ಭಾಷೆಯಲ್ಲಿದೆ, 'ನಾರ್ಮಲೈಸ್' ಎಂದು. ಹೆಸರನ್ನು ಅದರ ಮೂಲಕ ಹಾಯಿಸಿದರೆ ಎರಡು ರೂಪಗಳೂ ಒಂದಾಗುತ್ತವೆ. ತೆಗೆಯುವಾಗ ಮಾತ್ರ ಹಾಯಿಸಿದರೆ ಸಾಲದು, ಸೇರಿಸುವಾಗಲೂ ಹಾಯಿಸಬೇಕು. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಮಾತ್ರ ಅದು ತೆಗೆಯುವುದಿಲ್ಲ. ಆ ಕೆಲಸ 'ಟ್ರಿಮ್'ನದು.

ಹಳೆಯ ಹೆಸರುಗಳನ್ನೆಲ್ಲ ಹಾಯಿಸಿ ಹೊಸ ಸೆಟ್ ಕಟ್ಟಿದೆ. ಮತ್ತೆ 'ಡಿಲೀಟ್' ಕೊಟ್ಟೆ. ಈ ಸಲ 'ಟ್ರೂ' ಬಂತು. 'ಸೈಜ್' ಕೇಳಿದರೆ ಒಂದು ಕಡಿಮೆಯಾಗಿತ್ತು. ಆಮೇಲೆ ಸರಸ್ವತಿಪುರಂನ ಆ ಮನೆಗೆ ಫೋನ್ ಮಾಡಿದೆ.