ಪ್ರಾಸವೆಂದರೆ ತ್ರಾಸವೇ?



‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.’ ಮಹಾಗಾಂವದಂಥ ಊರಿನ ಕಟ್ಟೆಯ ಮೇಲೆ ಕುಳಿತವರಿಗೆ ಈ ಗಾದೆ ಹೊಸದೇನಲ್ಲ. ಇದನ್ನು ಹೇಳುವ ಅಜ್ಜಿ ಛಂದಸ್ಸಿನ ಪುಸ್ತಕ ಓದಿದವಳಲ್ಲ. ಆದರೂ ‘ಅಟ್ಟ’, ‘ಕೆಟ್ಟ’ ಎಂಬ ಮಾತುಗಳಲ್ಲಿ ಎರಡನೆಯ ಅಕ್ಷರ ಒಂದೇ. ಇದೇ ಪ್ರಾಸ.

ಇಂದು ಪ್ರಾಸವೆಂದರೆ ಸಾಲಿನ ಕೊನೆಯ ಹೊಂದಾಣಿಕೆ ಎಂದೇ ಹಲವರ ತಿಳಿವಳಿಕೆ. ಅದು ಅಂತ್ಯಪ್ರಾಸ. ಹಳಗನ್ನಡದ ಕವಿಗಳಿಗೆ ಮುಖ್ಯವಾದದ್ದು ಆದಿಪ್ರಾಸ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಅದರ ಸ್ವರ ಬೇರೆಯಾದರೂ ನಡೆಯುತ್ತದೆ. ‘ಮರ’, ‘ಸಿರಿ’, ‘ಗುರು’ ಪ್ರಾಸಕ್ಕೆ ಕೂಡುತ್ತವೆ. ‘ಮರ’, ‘ತೇರು’ ಕೂಡುವುದಿಲ್ಲ; ಮೊದಲ ಅಕ್ಷರ ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ.

ಈ ಚರ್ಚೆಗೆ ಕಲಬುರಗಿ ಜಿಲ್ಲೆಯ ನೆಲವೇ ಸಾಕ್ಷಿ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಪ್ರಾಸವನ್ನು ವಿವರವಾಗಿ ಪರಿಶೀಲಿಸುತ್ತದೆ. ಸಾಲಿನ ನಡುವಿನ ನಿಲುಗಡೆಯಾದ ಯತಿಯನ್ನು ಮೀರಿಯೂ ಕನ್ನಡ ಕವಿಗಳು ಪ್ರಾಸಕ್ಕೆ ಮನ್ನಣೆ ಕೊಟ್ಟರೆಂದು ಹೇಳುತ್ತದೆ. ಓದಿ ಕಲಿಯದೆಯೂ ಕಾವ್ಯ ಬಲ್ಲವರು ಕನ್ನಡಿಗರು ಎಂದು ಕೊಂಡಾಡಿದ್ದೂ ಅದೇ ಗ್ರಂಥ.

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಆರು ಪ್ರಾಸಗಳನ್ನು ಹೆಸರಿಸಿದ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ‘ಭಕ್ತಿ’, ‘ಮುಕ್ತ’ಗಳಂತೆ ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರ ಬಂದರೆ ಶರಭ, ‘ಅಕ್ಕ’, ‘ಬೆಕ್ಕು’ಗಳಂತೆ ಅದೇ ವ್ಯಂಜನ ಇಮ್ಮಡಿಸಿದರೆ ಹಯ. ಅಜ್ಜಿಯ ಗಾದೆಯಲ್ಲಿ ಇರುವುದು ಈ ಹಯಪ್ರಾಸ!

ನಿಯಮ ಬಿಗಿಯಾದಂತೆ ತೊಡಕೂ ಬಂತು. ಪ್ರಾಸ ಕೂಡಿಸಲು ಬೇಡದ ಪದವನ್ನು ತುರುಕಬೇಕಾಗುತ್ತಿತ್ತು. ‘ಪ್ರಾಸಕ್ಕಾಗಿ ತ್ರಾಸ’ ಎಂಬ ಗೇಲಿ ಸುಮ್ಮನೆ ಹುಟ್ಟಲಿಲ್ಲ. ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣದ ವಚನಕಾರರು ಈ ಕಟ್ಟಿಗೆ ಸಿಲುಕದೆ ಮಾತನಾಡಿದ್ದರು. ಪದ್ಯದಲ್ಲಿ ಆ ಧೈರ್ಯ ತೋರಿದವರು ಮಂಜೇಶ್ವರದ ಎಂ. ಗೋವಿಂದ ಪೈ, 1911ರಲ್ಲಿ ಅವರು ಆದಿಪ್ರಾಸವನ್ನು ಕೈಬಿಟ್ಟರು.

ಹಾಗಾದರೆ ಪ್ರಾಸ ಸತ್ತಿತೇ? ಇಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುವಾಗ ‘ಕೆಸರು’, ‘ಮೊಸರು’ ಒಂದನ್ನೊಂದು ನೆನಪಿಸುತ್ತವೆ. ಬರೆದಿಡಲಾಗದವರಿಗೆ ಪ್ರಾಸವೇ ನೆನಪಿನ ಗಂಟು. ಕವಿಯ ಮೇಲಿದ್ದ ಒತ್ತಾಯ ಹೋದದ್ದು ಒಳ್ಳೆಯದೇ ಆಯಿತು. ಆದರೆ ಗಾದೆ ಹೇಳುವವರೂ ಕೇಳುವವರೂ ಇಲ್ಲವಾದರೆ, ಪುಸ್ತಕದಲ್ಲಿ ಆರು ಪ್ರಾಸಗಳು ಉಳಿದೂ ಫಲವಿಲ್ಲ.