ಹಿಮ್ಮೇಳದ ನಾಲ್ಕು ತಂತಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಶಾಲೆಗೆ ನೂರು ತುಂಬಿದ ಈ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿ ಸಂಘವು ಒಂದು ಸಂಗೀತ ಕೊಠಡಿಯನ್ನು ಕೊಡುಗೆಯಾಗಿ ನೀಡಲು ನಿರ್ಧರಿಸಿದೆ. ಯಾವ ವಾದ್ಯಗಳನ್ನು ತರಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ವಾದ್ಯವೃಂದಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತ ಬಂದವನೆಂಬ ಕಾರಣಕ್ಕೆ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಈ ವಾದ್ಯಕ್ಕೆ ಏಕೆ ಸ್ಥಾನ ಇರಬೇಕು ಎಂಬುದನ್ನು ವಿನಂತಿಸಿಕೊಳ್ಳುವುದೇ ನನ್ನ ಇಂದಿನ ಮಾತಿನ ಉದ್ದೇಶ.

ನಾವು ಕುಂಬಳೆಯ ಪಾರ್ತಿಸುಬ್ಬನ ನಾಡಿನವರು. ಯಕ್ಷಗಾನದಲ್ಲಿ ಮುಮ್ಮೇಳ, ಹಿಮ್ಮೇಳ ಎಂಬ ಎರಡು ಭಾಗಗಳಿವೆಯೆಂದು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಪ್ರೇಕ್ಷಕರ ಕಣ್ಣು ವೇಷದ ಮೇಲೆ, ಕಿವಿ ಭಾಗವತರ ಪದದ ಮೇಲೆ. ಮದ್ದಳೆಯನ್ನೇ ಗಮನಿಸಿ ಕೇಳುವವರು ಕಡಿಮೆ. ಆದರೆ ಮದ್ದಳೆಯ ನಡೆ ಒಂದು ಕ್ಷಣ ತಪ್ಪಿದರೆ ವೇಷದ ಹೆಜ್ಜೆ ತಡವರಿಸುವುದನ್ನು, ಶ್ರುತಿ ನಿಂತರೆ ಪದದ ಕಳೆಯೇ ಇಳಿಯುವುದನ್ನು ಎಲ್ಲರೂ ಬಲ್ಲರು. ಆಧುನಿಕ ವಾದ್ಯವೃಂದದಲ್ಲಿ ಡ್ರಮ್ಸ್ ಲಯವನ್ನು ಕೊಡುತ್ತದೆ; ಗಿಟಾರ್ ಮತ್ತು ಕೀಬೋರ್ಡ್ ಸ್ವರವನ್ನು ಕೊಡುತ್ತವೆ. ಇವೆರಡನ್ನೂ ಹೊಲಿದು ಒಂದಾಗಿಸುವ ಕೆಲಸ ಬೇಸ್ ಗಿಟಾರಿನದು. ಡ್ರಮ್ಸ್ ವಾದಕ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟಿನ ಜೊತೆಯಲ್ಲೇ ಈ ವಾದ್ಯದ ಮಂದ್ರಸ್ವರವೂ ಹೊರಟರೆ, ಕೇಳುಗನಿಗೆ ಅದು ಎರಡು ವಾದ್ಯಗಳ ಸದ್ದೆಂದು ತೋರುವುದಿಲ್ಲ. ಹಾಡಿಗೆ ನೆಲೆ ಸಿಕ್ಕಿತೆಂದು ಮಾತ್ರ ಅನಿಸುತ್ತದೆ.

ಈ ವಾದ್ಯದ ವಯಸ್ಸು ನಮ್ಮ ಶಾಲೆಗಿಂತ ಕಡಿಮೆ. ಅದಕ್ಕೆ ಮೊದಲು ಮಂದ್ರಸ್ವರಕ್ಕೆ ಇದ್ದುದು ಡಬಲ್ ಬೇಸ್: ಆಳೆತ್ತರಕ್ಕೂ ಮಿಕ್ಕಿದ ಮರದ ವಾದ್ಯ. ಅದನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಡ್ರಮ್ಸ್ ಮತ್ತು ಕಹಳೆವಾದ್ಯಗಳ ಅಬ್ಬರದ ನಡುವೆ ಅದು ಕೇಳಿಸುವುದೂ ಕಷ್ಟ. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದರೂ ಅದು ಬಳಕೆಗೆ ಹಬ್ಬಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್ ಎಲ್ಲವನ್ನೂ ಬದಲಿಸಿತು. ಫೆಂಡರ್ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಸ್ವತಃ ಗಿಟಾರ್ ವಾದಕರಲ್ಲ. ವಾದಕರ ತೊಂದರೆಯನ್ನು ಕೇಳಿ ಅರಿತುಕೊಂಡು ಪರಿಹಾರ ಹುಡುಕಿದ ಕುಶಲಕರ್ಮಿ. ವೀಣೆಗಿರುವಂತೆ ಈ ವಾದ್ಯದ ಕತ್ತಿನ ಮೇಲೆ ಮೆಟ್ಟಿಲುಗಳನ್ನು ಕೂರಿಸಿದ್ದರಿಂದ ಬೆರಳಿಟ್ಟ ಸ್ವರ ನಿಖರವಾಗಿ ಹೊರಡುತ್ತಿತ್ತು. ಪ್ರಿಸಿಷನ್ ಎಂಬ ಹೆಸರು ಬಂದುದು ಹಾಗೆ. ಅದರಲ್ಲಿ ಕಂಪಿಸುವ ತಂತಿಯ ಉದ್ದ 34 ಅಂಗುಲ. ಇಂದಿಗೂ ಬಹುಪಾಲು ಬೇಸ್ ಗಿಟಾರುಗಳ ಅಳತೆ ಅದೇ.

ಇಲ್ಲಿ ಪೋಷಕರಲ್ಲಿ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಏನಾದೀತು ಎಂಬ ಆತಂಕ ನಿಮ್ಮಲ್ಲಿ ಹಲವರಿಗಿದೆ. ಈ ವಾದ್ಯದ ಒಳಗುಟ್ಟನ್ನು ನಾನು ಅರ್ಥಮಾಡಿಕೊಂಡದ್ದು ಇದೇ ಶಾಲೆಯ ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಕಲಿತ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಿಂದ. ತಂತಿಗಳ ಕೆಳಗಿರುವ ಪಿಕಪ್ ಎಂಬ ಪುಟ್ಟ ಭಾಗದಲ್ಲಿ ಕಾಂತವಿದೆ. ಕಾಂತವನ್ನು ಸುತ್ತಿ ಸಾವಿರಾರು ಸುತ್ತು ತೆಳುವಾದ ತಾಮ್ರದ ತಂತಿಯಿದೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗುತ್ತದೆ; ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಇದು. ಅಂತಹ ಸುರುಳಿ ಸುತ್ತಮುತ್ತಲಿನ ವಿದ್ಯುತ್ ಸಲಕರಣೆಗಳ ಗುಂಯ್ ಎನ್ನುವ ಸದ್ದನ್ನೂ ಹಿಡಿದುಬಿಡುತ್ತದೆ. ಆದ್ದರಿಂದ 1957ರಲ್ಲಿ ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಎರಡು ತುಂಡಾಗಿಸಿ, ಒಂದರ ಗದ್ದಲ ಇನ್ನೊಂದರದನ್ನು ಅಳಿಸುವಂತೆ ಜೋಡಿಸಿದರು. ಆಂಪ್ಲಿಫೈಯರಿನ ಬೆನ್ನಿಗೆ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸುವಾಗ 8 ಓಮ್‌ನ ಎರಡು ಸೇರಿ 4 ಓಮ್ ಆಗುತ್ತವೆ. ಯಂತ್ರ ಅದನ್ನು ತಾಳಿಕೊಳ್ಳುವುದೇ ಎಂದು ಮೊದಲು ನೋಡಬೇಕು. ದೊಡ್ಡ ವೇದಿಕೆಗಳಲ್ಲಿ ಈ ಲೆಕ್ಕ ಮಾಡುವಾಗಲೆಲ್ಲ ನನ್ನ ಮನಸ್ಸು ಮಾಡಿದ್ದು ಕನ್ನಡದಲ್ಲೇ. ಅರ್ಥವಾದ ಪಾಠಕ್ಕೆ ಹೊಸ ಪದಗಳನ್ನು ಆಮೇಲೆ ಹಚ್ಚಿಕೊಳ್ಳುವುದು ಕಷ್ಟವಾಗಲಿಲ್ಲ.

ಸಲಕರಣೆಗಳ ವಿಷಯದಲ್ಲಿ ಜನರಿಗೆ ಆಶ್ಚರ್ಯವೆನಿಸುವುದು ಶಕ್ತಿಯ ಪ್ರಶ್ನೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಆ ತರಂಗದ ಉದ್ದ ಎಂಟು ಮೀಟರಿಗೂ ಹೆಚ್ಚು. ಇಲ್ಲಿನ ಒಂದು ತರಗತಿ ಕೊಠಡಿಯಷ್ಟು ಎನ್ನಬಹುದು. ಇಷ್ಟು ತಗ್ಗಿನ ಸ್ವರಗಳಿಗೆ ನಮ್ಮ ಕಿವಿ ಮಂದ. ಹೀಗಾಗಿ ಗಿಟಾರಿಗೆ 50 ವಾಟ್ ಸಾಕಾಗುವ ಕಡೆ ಬೇಸ್‌ಗೆ ಅದರ ಹಲವು ಪಟ್ಟು ಬೇಕಾಗುತ್ತದೆ. 1969ರಲ್ಲಿ ಆಂಪೆಗ್ ಸಂಸ್ಥೆ ತಂದ ಎಸ್‌ವಿಟಿ ಎಂಬ 300 ವಾಟ್‌ನ ವಾಲ್ವ್ ಆಂಪ್ಲಿಫೈಯರನ್ನು ಎತ್ತಲು ಇಬ್ಬರು ಬೇಕು. ಇಂದು ಅಷ್ಟೇ ಶಕ್ತಿಯ ಯಂತ್ರವನ್ನು ಶಾಲಾ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬಹುದು. ಸಲಕರಣೆ ಹಗುರವಾಗಿದೆ, ಅಗ್ಗವೂ ಆಗಿದೆ. ನುಡಿಸುವವನ ಹೊಣೆ ಮಾತ್ರ ಹಗುರವಾಗಿಲ್ಲ.

ಆ ಹೊಣೆ ಎಂಥದೆಂದು ತಿಳಿಸಲು ಒಬ್ಬರ ಕಥೆ ಹೇಳುತ್ತೇನೆ. ಜೇಮ್ಸ್ ಜೇಮರ್‌ಸನ್ 1936ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದು, ಅಲ್ಲಿನ ಪ್ರೌಢಶಾಲೆಯಲ್ಲಿ ಡಬಲ್ ಬೇಸ್ ಕಲಿತರು. ಶಾಲೆಯಲ್ಲಿ ಕೈಗೆ ಬಂದ ಆ ಒಂದು ವಾದ್ಯ ಮುಂದೆ ಜಗತ್ತಿನ ಸಂಗೀತವನ್ನು ಬದಲಿಸಿತೆಂಬ ಮಾತನ್ನು ಸಂಗೀತ ಕೊಠಡಿಯ ದಾನಿಗಳು ದಯವಿಟ್ಟು ಗಮನಿಸಬೇಕು. 1960ರ ದಶಕದಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ, ಒಂದು ಮನೆಯನ್ನೇ ಮಾರ್ಪಡಿಸಿ ಮಾಡಿದ ಸ್ಟುಡಿಯೋದಲ್ಲಿ ಅವರು ನುಡಿಸಿದರು. ಅವರ ಬಳಿ ಇದ್ದುದು 1962ರ ಒಂದು ಪ್ರಿಸಿಷನ್ ಬೇಸ್. ತಂತಿಗಳನ್ನು ಬದಲಿಸುವುದು ಅಪರೂಪ. ಮೀಟುವುದು ಬಹುತೇಕ ಬಲಗೈಯ ತೋರುಬೆರಳೊಂದರಿಂದಲೇ. ಅವರ ಸ್ವರಗಳು ಹಾಡುಗಾರನ ಕೆಳಗೆ ಸುಮ್ಮನೆ ನಿಲ್ಲಲಿಲ್ಲ. ಪ್ರಶ್ನೆ ಕೇಳುತ್ತ, ಉತ್ತರ ಕೊಡುತ್ತ ನಡೆದವು. ಆದರೂ ಹಾಡು ಎಂದೂ ಹಾಡುಗಾರನ ಕೈ ಬಿಟ್ಟುಹೋಗಲಿಲ್ಲ. ಟೆಂಪ್ಟೇಷನ್ಸ್ ತಂಡದ 1964ರ ‘ಮೈ ಗರ್ಲ್’ ಹಾಡಿಗೆ ನಾಂದಿ ಹಾಡುವುದು ಅವರ ಬೇಸ್ ಗಿಟಾರೇ.

ಆ ಹಾಡುಗಳನ್ನು ಕೋಟ್ಯಂತರ ಜನ ಕೇಳಿದರು. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಹಿಮ್ಮೇಳದವರ ಹೆಸರು ಮಾತ್ರ ಇರಲಿಲ್ಲ. ಜೇಮರ್‌ಸನ್ನರ ಹೆಸರು ಮೋಟೌನ್ ಮುದ್ರಿಕೆಯೊಂದರ ಮೇಲೆ ಅಚ್ಚಾದುದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ. 1983ರಲ್ಲಿ, 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 2000ದಲ್ಲಿ. ಹಿಮ್ಮೇಳದಲ್ಲಿ ನಿಲ್ಲುವುದು ಒಂದು ಗುಣ. ಹಿಮ್ಮೇಳದವರನ್ನು ಹೆಸರಿಲ್ಲದವರನ್ನಾಗಿ ಮಾಡುವುದು ಅನ್ಯಾಯ. ಈ ಎರಡರ ವ್ಯತ್ಯಾಸ ಶಾಲೆಗಳಿಗೆ ತಿಳಿದಿರಬೇಕು. ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಹಾಡುವ ಮಗುವಿನ ಹೆಸರಿನ ಜೊತೆಗೆ ಹಾರ್ಮೋನಿಯಂ, ತಬಲಾ, ಬೇಸ್ ನುಡಿಸುವ ಮಕ್ಕಳ ಹೆಸರುಗಳೂ ಅಚ್ಚಾಗಲಿ ಎಂದು ಕೋರುತ್ತೇನೆ.

ನಮ್ಮ ಕಿವಿಗೆ ಹತ್ತಿರದ ಉದಾಹರಣೆ ಬೇಕೆಂದರೆ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಮತ್ತೊಮ್ಮೆ ಕೇಳಿ. ಶಂಕರ್ ನಾಗ್ ಅವರ ಆ ಚಿತ್ರಕ್ಕೆ ಸಂಗೀತ ಕೊಟ್ಟವರು ಇಳಯರಾಜಾ. ಈ ಬಾರಿ ಪಲ್ಲವಿಯನ್ನು ಬಿಟ್ಟು, ಕೆಳಗಡೆ ನಡೆದುಹೋಗುವ ಮಂದ್ರದ ಸಾಲನ್ನೇ ಹಿಂಬಾಲಿಸಿ. ಬಾಯಿಪಾಠವಾಗಿರುವ ಹಾಡಿನಲ್ಲೇ ಇನ್ನೊಂದು ಹಾಡು ಅಡಗಿದ್ದುದು ಗೊತ್ತಾದೀತು.

ನನ್ನ ಅನುಭವವೂ ಈ ನೆಲದ್ದೇ. ನಮ್ಮ ಕಡೆಯ ರಸಮಂಜರಿ, ಗಾನಮೇಳಗಳಲ್ಲಿ ಒಂದೇ ರಾತ್ರಿ ಕನ್ನಡ, ತುಳು, ಮಲಯಾಳ, ಹಿಂದಿ ಹಾಡುಗಳನ್ನು ನುಡಿಸಬೇಕು. ನಾನಿದ್ದ ಒಂದು ತಂಡದಲ್ಲಿ ಡ್ರಮ್ಸ್‌ನವರು ಮಲಯಾಳ ಮಾತೃಭಾಷೆಯವರು, ಕೀಬೋರ್ಡಿನವರು ಕೊಂಕಣಿಗರು, ಹಾಡುತ್ತಿದ್ದವರು ತುಳುವರು. ಯಾರ ಭಾಷೆಯನ್ನೂ ಯಾರೂ ಬಿಟ್ಟುಕೊಡಲಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಒಂದು ಆವರ್ತನವೂ ಸಾಗುತ್ತಿರಲಿಲ್ಲ. ಹಾಡುವವರು ಉತ್ಸಾಹದಲ್ಲಿ ಓಡಿದರೆ ಹಿಡಿದು ನಿಲ್ಲಿಸಬೇಕು. ದಣಿದು ಹಿಂದೆ ಬಿದ್ದರೆ ಮೆಲ್ಲಗೆ ಮುಂದಕ್ಕೆ ತರಬೇಕು. ಶ್ರುತಿ ಜಾರಿದರೆ ಮೂಲ ಸ್ವರವನ್ನು ಗಟ್ಟಿಯಾಗಿ ಕೊಟ್ಟು ದಾರಿ ತೋರಬೇಕು. ಸಭಿಕರಿಗೆ ಇದಾವುದೂ ತಿಳಿಯದು, ತಿಳಿಯಲೂ ಬಾರದು. ಬೇಸ್ ನುಡಿಸುವವನು ಮೊದಲು ಕಲಿಯುವುದು ಎಲ್ಲಿ ನುಡಿಸಬಾರದು ಎಂಬುದನ್ನು. ತಂತಿಯ ಮೇಲೆ ಕೈಯಿಟ್ಟು ಸ್ವರವನ್ನು ನಿಲ್ಲಿಸುವುದು ಮೀಟುವಷ್ಟೇ ಮುಖ್ಯ.

ಇನ್ನು ಕೊಠಡಿಯ ವಿಚಾರ. ಮಕ್ಕಳಿಗೆ ಐದು, ಆರು ತಂತಿಗಳ ಬೇಸ್ ಬೇಡ, ನಾಲ್ಕು ಸಾಕು. ಪುಟ್ಟ ಕೈಗಳಿಗೆ 34ರ ಬದಲು 30 ಅಂಗುಲದ ವಾದ್ಯ ಒಳ್ಳೆಯದು. ತರಗತಿಗೆ ಸಾಧಾರಣ ಶಕ್ತಿಯ ಅಭ್ಯಾಸದ ಆಂಪ್ಲಿಫೈಯರ್, ಒಂದು ಶ್ರುತಿಮಾಪಕ, ಅಗಲವಾದ ಹೆಗಲಪಟ್ಟಿ ಇದ್ದರೆ ಆಯಿತು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಮರದ ಕತ್ತು ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯನ್ನು ಒರೆಸಿಡುವುದನ್ನು ಪಾಠದ ಭಾಗವಾಗಿಯೇ ಕಲಿಸಬೇಕು.

ಎರಡು ವಿಷಯಗಳಲ್ಲಿ ಮಾತ್ರ ಉಳಿತಾಯ ಮಾಡಬಾರದು. ಮೊದಲನೆಯದು ವಿದ್ಯುತ್ ಸುರಕ್ಷತೆ. ಗುಂಯ್‌ಗುಟ್ಟುವ ಸದ್ದನ್ನು ತಪ್ಪಿಸಲೆಂದು ಪ್ಲಗ್ಗಿನ ಅರ್ಥ್ ಸಂಪರ್ಕವನ್ನು ಕಳಚುವ ಪರಿಪಾಠ ಕೆಲವು ವೇದಿಕೆಗಳಲ್ಲಿದೆ. ಅದು ಜೀವಕ್ಕೆ ಅಪಾಯ. ಒಂದು ಕೈ ಲೋಹದ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ವಿದ್ಯುತ್ತಿಗೆ ದಾರಿಯಾಗುವುದು ಮಗುವಿನ ದೇಹ. ಸರಿಯಾದ ಅರ್ಥಿಂಗ್, ಇಎಲ್‌ಸಿಬಿ ಇಲ್ಲದೆ ಆ ಕೊಠಡಿಯ ಬಾಗಿಲು ತೆರೆಯಲೇಬಾರದು. ಎರಡನೆಯದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರ ಲೆಕ್ಕ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕೇವಲ ಕಾಲು ಗಂಟೆ. ಹೀಗೆ ಕೆಟ್ಟ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಕಿವಿಗೆ ಹಾಕುವ ರಕ್ಷಕಗಳ ಬೆಲೆ ಅಲ್ಪ. ಸದ್ದನ್ನು ತಗ್ಗಿಸಿ ಅಭ್ಯಾಸ ಮಾಡಿಸುವ ಗುರುಗಳ ಶಿಸ್ತು ಅದಕ್ಕಿಂತ ದೊಡ್ಡದು.

ಪೋಷಕರೆ, ಮಗು ಬ್ಯಾಂಡ್ ಸೇರುತ್ತೇನೆಂದರೆ ಓದು ಕೆಟ್ಟೀತೆಂದು ಹೆದರಬೇಡಿ. ನಾಲ್ಕು ಮಂದಿಯ ತಂಡದಲ್ಲಿ ಹೊತ್ತಿಗೆ ಸರಿಯಾಗಿ ಬರಬೇಕು, ತನ್ನ ಪಾಲನ್ನು ಮನೆಯಲ್ಲೇ ಕಲಿತು ಬರಬೇಕು, ಇನ್ನೊಬ್ಬರ ಸರದಿಗೆ ಕಾಯಬೇಕು. ಸಂಘದ ಮಿತ್ರರೆ, ವಾದ್ಯಗಳ ಪಟ್ಟಿಗೆ ಸಹಿ ಬೀಳುವ ಮೊದಲು ಒಂದು ಬೇಸ್ ಗಿಟಾರನ್ನು ಸೇರಿಸಿ. ಅದರ ಪಕ್ಕದಲ್ಲೇ ಒಂದು ಮದ್ದಳೆಯನ್ನೂ ಇಡಿ. ಎರಡನ್ನೂ ಒಂದೇ ಕೊಠಡಿಯಲ್ಲಿ ಕೇಳಿ ಬೆಳೆದ ಮಕ್ಕಳು ನಮಗಿಂತ ಚೆನ್ನಾಗಿ ನುಡಿಸಿಯಾರು. ವಾರಕ್ಕೊಂದು ದಿನ ಬಂದು ಕಲಿಸಿಕೊಡಲು ನಾನು ಸಿದ್ಧನಿದ್ದೇನೆಂದು ಈ ಸಭೆಯ ಮುಂದೆ ಮಾತು ಕೊಡುತ್ತೇನೆ.

 ಶಾಲೆಯ ಎರಡನೆಯ ಶತಮಾನ ಶುಭಕರವಾಗಲಿ.