ನಮ್ಮ ಕಾಳು, ನಮ್ಮ ಜರಡಿ



ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಅಂದರೆ ನಮ್ಮ ಬದುಕು. ಬಿತ್ತೋರು ನಾವು. ಕಳೆ ತೆಗೆಯೋರು ನಾವು. ಕಾಯಿ ಬಿಡಿಸೋರು ನಾವು. ಕೊನೆಗೆ ಮೊರ ಹಿಡಿದು ಕಾಳು ಆರಿಸೋರೂ ನಾವೇ. ದಪ್ಪ ಕಾಳು ಒಂದು ಕಡೆ, ಸಣ್ಣ ಕಾಳು ಒಂದು ಕಡೆ. ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಈ ಕೆಲಸಕ್ಕೆ ಯಂತ್ರ ಮಾಡೋದು ಹೇಗೆ? ಇವತ್ತು ಅದನ್ನೇ ಮಾತಾಡೋಣ.

ಕಾಳು ಯಾಕೆ ಬೇರೆ ಮಾಡಬೇಕು? ಒಂದೇ ಗಾತ್ರದ ಕಾಳು ಒಂದೇ ಸಮ ಹುರಿಯುತ್ತದೆ. ಬೆರೆತಿದ್ದರೆ ಸಣ್ಣದು ಸೀದು ಹೋಗುತ್ತದೆ. ದಪ್ಪದು ಹಸಿ ಉಳಿಯುತ್ತದೆ. ಅದಕ್ಕೇ ತಿನ್ನೋ ಕಾಳನ್ನು ಗಾತ್ರ ನೋಡಿ ಕೊಳ್ಳುತ್ತಾರೆ.

ಇದಕ್ಕೆ ವ್ಯಾಪಾರದಲ್ಲಿ ಒಂದು ಲೆಕ್ಕ ಇದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಕಾಳು ತೂಗುತ್ತಾರೆ. ಆಮೇಲೆ ಎಣಿಸುತ್ತಾರೆ. 40ರಿಂದ 50 ಕಾಳು ಬಂದರೆ 40/50 ಅಂತ ಬರೆಯುತ್ತಾರೆ. 80ರಿಂದ 90 ಬಂದರೆ 80/90. ಇಲ್ಲಿ ಹುಷಾರಾಗಿರಿ! ಅಂಕಿ ಚಿಕ್ಕದಾದರೆ ಕಾಳು ದೊಡ್ಡದು.

ಯಂತ್ರ ಅಂದರೆ ಹೆದರಬೇಡಿ. ಅದು ತಾನೇ ಅಲುಗಾಡೋ ಜರಡಿ. ಒಂದರ ಕೆಳಗೆ ಒಂದು ಜರಡಿ ಇರುತ್ತದೆ. ಮೇಲಿನದಕ್ಕೆ ದೊಡ್ಡ ತೂತು, ಕೆಳಗಿನದಕ್ಕೆ ಸಣ್ಣ ತೂತು. ದಪ್ಪ ಕಾಳು ಮೇಲೆ ಉಳಿಯುತ್ತದೆ. ಸಣ್ಣದು ಕೆಳಗೆ ಬೀಳುತ್ತದೆ. ಜರಡಿ ಸ್ವಲ್ಪ ಇಳಿಜಾರಾಗಿರಬೇಕು. ಇಳಿಜಾರು ಹೆಚ್ಚಾದರೆ ಕಾಳು ತೂತು ದಾಟಿ ಓಡುತ್ತದೆ. ಕಮ್ಮಿಯಾದರೆ ಗುಡ್ಡೆ ಬೀಳುತ್ತದೆ.

ತೂತು ಎಷ್ಟು ದೊಡ್ಡದಿರಬೇಕು? ಒಮ್ಮೆ ನಾವು ದಪ್ಪ ತಳಿಗೆ ಮಾಡಿದ ಜರಡಿ ತಂದೆವು. ನಮ್ಮದು ಟಿ.ಎಂ.ವಿ.-2 ತಳಿ. ಅದರ ಕಾಳು ಸಣ್ಣದು. ಎಲ್ಲಾ ಕಾಳೂ ಕೆಳಗೆ ಸುರಿದು ಹೋಯಿತು! ಅಲ್ಲಿದ್ದ ಅಜ್ಜಿ ನಕ್ಕರು. "ಕಾಳನ್ನ ಕೇಳದೇ ಜರಡಿ ತಂದ್ಯೇನೇ ಮಗಳೇ?" ಅಂದರು. ಅವರ ಮಾತು ನಿಜ. ಮೊದಲು ನೂರು ಕಾಳು ತಗೊಂಡು ಅಳೆಯಬೇಕು. ಆಮೇಲೆ ತೂತು ಕೊರೆಯಬೇಕು.

ಇನ್ನೊಂದು ಮಾತು. ಜರಡಿಗೆ ಕಣ್ಣಿಲ್ಲ. ಬೂಷ್ಟು ಹಿಡಿದ ಕಾಳು ಒಳ್ಳೇ ಕಾಳಿನ ಜೊತೆಗೇ ಹೋಗುತ್ತದೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗಲ್ಲ. ಅಂಥ ಕಾಳು ಆರಿಸೋಕೆ ನಮ್ಮ ಕಣ್ಣೇ ಬೇಕು.

"ಯಂತ್ರ ಬಂದರೆ ನಮ್ಮ ಕೂಲಿ ಹೋಗಲ್ವಾ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಯಂತ್ರ ಸಾಹುಕಾರರ ಅಂಗಳದಲ್ಲಿದ್ದರೆ ಕೂಲಿ ಹೋಗಬಹುದು. ನಮ್ಮ ಸಂಘದ ಅಂಗಳದಲ್ಲಿದ್ದರೆ ಯಂತ್ರವೂ ನಮ್ಮದು, ಲೆಕ್ಕವೂ ನಮ್ಮದು. ಯಾವುದು ಬೇಕು? ಸಂಘದಲ್ಲಿ ಕೂತು ಯೋಚನೆ ಮಾಡಿ.

ನಾಳೆ ಒಂದು ಕೆಲಸ ಮಾಡಿ. ಅಂಗಡಿಯ ತಕ್ಕಡಿಯಲ್ಲಿ 28 ಗ್ರಾಂ ಕಾಳು ತೂಗಿಸಿ. ಮನೆಗೆ ಬಂದು ಎಣಿಸಿ. ಎಷ್ಟು ಬಂತೋ ಪುಸ್ತಕದಲ್ಲಿ ಬರೆಯಿರಿ. ಈಗ ನಿಮಗೆ ಅಂಕಿ ಓದೋಕೆ ಬರುತ್ತದೆ. ನಿಮ್ಮ ಕಾಳಿನ ಗಾತ್ರವನ್ನು ಬೇರೆಯವರು ಯಾಕೆ ಹೇಳಬೇಕು?